ಸ್ಯಾಕ್ಸೊಫೋನ್ ಯಾರ ವಾದ್ಯ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಭಾಗದ ಯಾವ ಊರಿನಲ್ಲೇ ಆಗಲಿ, ಲಗ್ನದ ಮೆರವಣಿಗೆಯೋ ಜಾತ್ರೆಯ ಪಲ್ಲಕ್ಕಿಯೋ ಹೊರಟಾಗ ನಿಮ್ಮ ಕಿವಿಗೆ ಎರಡು ಬಗೆಯ ವಾದ್ಯಮೇಳ ಬೀಳುವುದುಂಟು. ಒಂದು, ಹಲಗಿ, ಡೊಳ್ಳು, ಕರಡಿ, ಸನಾದಿಗಳ ಮೇಳ. ಇನ್ನೊಂದು, ಸಮವಸ್ತ್ರ ತೊಟ್ಟ ಬ್ಯಾಂಡಿನವರ ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮುಗಳ ಮೇಳ. ಮೊದಲನೆಯದು ನಮ್ಮದು, ಎರಡನೆಯದು ಹೊರಗಿನದು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಇಂದಿನ ಭಾಷಣದಲ್ಲಿ ಬ್ಯಾಂಡಿನ ಬಳಗಕ್ಕೇ ಸೇರಿದ ಒಂದು ವಾದ್ಯವನ್ನು ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸೋಣ. ಆ ವಾದ್ಯ ಸ್ಯಾಕ್ಸೊಫೋನ್. ಅದರ ಜೊತೆಗೆ ಜಾಝ್ ಎಂಬ ಅಮೆರಿಕದ ಸಂಗೀತವನ್ನೂ, ಆ ಸಂಗೀತಕ್ಕೂ ಕರ್ನಾಟಕಕ್ಕೂ ಬೆಳೆದ ನಂಟನ್ನೂ ನೋಡೋಣ.

ಸ್ಯಾಕ್ಸೊಫೋನಿಗೆ ಹೋಗುವ ಮುನ್ನ ನಿಮ್ಮ ಮನೆಯ ಹತ್ತಿರದ ಒಂದು ಉದಾಹರಣೆ. ನಿಮ್ಮೂರ ಭಜನೆಯಲ್ಲಿ ಹಾರ್ಮೋನಿಯಂ ಇರುತ್ತದೆ. ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳದಲ್ಲಿ, ಕಂಪನಿ ನಾಟಕದಲ್ಲಿ, ಗವಾಯಿಗಳ ಬೈಠಕ್ಕಿನಲ್ಲಿ ಅದು ಇದ್ದೇ ಇರುತ್ತದೆ. ಇದನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಆದರೆ ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ ನಗರದಲ್ಲಿ. ಅದು ಭಾರತಕ್ಕೆ ಬಂದು, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುತ್ತ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಾಟಾಯಿತು. ಇದರ ಸ್ವರಗಳು ನಿಶ್ಚಲ, ನಮ್ಮ ಮೀಂಡು ಗಮಕಗಳು ಇದರಲ್ಲಿ ಬಾರವು ಎಂಬ ಆಕ್ಷೇಪವಿತ್ತು. 1940ರಿಂದ ಸುಮಾರು ಮೂರು ದಶಕಗಳ ಕಾಲ ಆಕಾಶವಾಣಿ ಇದಕ್ಕೆ ನಿಷೇಧವನ್ನೇ ಹಾಕಿತ್ತು.

ಇಂಥ ವಾದ್ಯವನ್ನು ಕೈಗೆ ತೆಗೆದುಕೊಂಡು ಅದಕ್ಕೆ ರಾಗದ ಮಾತು ಕಲಿಸಿದವರಲ್ಲಿ ಒಬ್ಬರು ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಪಂಡಿತ ರಾಮಭಾವು ವಿಜಾಪುರೆ. ಅವರು ಬೆಳಗಾವಿಯಲ್ಲಿ ನೆಲೆಸಿ, ಹಿರಿಯ ಗಾಯಕರಿಗೆ ಸಾಥ್ ನೀಡುತ್ತ, ಸ್ವತಂತ್ರವಾಗಿ ಹಾರ್ಮೋನಿಯಂ ನುಡಿಸುತ್ತ, ಅನೇಕ ಶಿಷ್ಯರನ್ನು ತಯಾರು ಮಾಡಿದರು. 2010ರಲ್ಲಿ ತೀರಿಕೊಂಡರು. ಪ್ಯಾರಿಸ್ಸಿನ ಪೆಟ್ಟಿಗೆ ಕಾಗವಾಡದವರ ಬೆರಳಿನಲ್ಲಿ ಹಿಂದುಸ್ತಾನಿ ಸಂಗೀತವಾಯಿತು. ವಾದ್ಯ ಎಲ್ಲಿ ಹುಟ್ಟಿತು ಎಂಬುದು ಒಂದು ಪ್ರಶ್ನೆ. ಅದು ಯಾರ ಕಿವಿಗೆ ತಲೆಬಾಗಿತು ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಸ್ಯಾಕ್ಸೊಫೋನ್ ಕೂಡ ಅದೇ ಕಾಲದ್ದು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕ ಇದನ್ನು ಕಂಡುಹಿಡಿದು 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ. ಅವನ ಹೆಸರೇ ವಾದ್ಯಕ್ಕೆ ಬಂತು. ಇದರ ಮೈ ಹಿತ್ತಾಳೆಯದು. ಆದರೆ ನಾದ ಹುಟ್ಟುವುದು ಬಾಯಿಯ ಬಳಿ ಕಟ್ಟಿದ ಜೊಂಡಿನ ತೆಳುವಾದ ಪಟ್ಟಿಯ ಕಂಪನದಿಂದ. ನಮ್ಮ ಸನಾದಿಯಲ್ಲಿಯೂ ಪೀಪಿಯೇ ನಾದದ ಮೂಲವಲ್ಲವೇ? ಸನಾದಿಯಲ್ಲಿ ಎರಡು ಪದರ, ಇಲ್ಲಿ ಒಂದೇ ಪದರ. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿದವರಿಗೆ ಪೀಪಿಯ ವಾದ್ಯ ಮನುಷ್ಯನ ಕಂಠಕ್ಕೆ ಎಷ್ಟು ಹತ್ತಿರ ಹೋಗಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಯಾಕ್ಸೊಫೋನಿಗೂ ಆ ಗುಣ ಇದೆ.

ಆದರೆ ಅದು ಮೊದಲು ಹೋದದ್ದು ಸೈನ್ಯಕ್ಕೆ. ಬಯಲಿನಲ್ಲಿ ದೂರದವರೆಗೆ ಕೇಳಿಸುವ ಗಟ್ಟಿ ದನಿ ಇದ್ದುದರಿಂದ ಫ್ರಾನ್ಸಿನ ಸೈನಿಕ ಬ್ಯಾಂಡುಗಳು ಅದನ್ನು ಸೇರಿಸಿಕೊಂಡವು. ಸೈನಿಕ ಬ್ಯಾಂಡಿನ ವಾದ್ಯಗಳು ಅಲ್ಲಿಂದ ಲೋಕದ ನಾನಾ ಕಡೆಗೆ ಹರಡಿದವು. ಭಾರತದಲ್ಲಿ ಬ್ರಿಟಿಷರ ಪಲಟಣಗಳ ಬ್ಯಾಂಡು ನೋಡಿ ಅರಮನೆಗಳವರು ಬ್ಯಾಂಡು ಕಟ್ಟಿದರು. ಬರಬರುತ್ತ ಅದು ಪೇಟೆಯ ಲಗ್ನದ ಬ್ಯಾಂಡಾಯಿತು. ಇಂದಿಗೂ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಅದರ ಕವಾಯತಿನಲ್ಲಿ ಕೇಳುವ ಬ್ಯಾಂಡಿಗೂ ನಿಮ್ಮೂರ ಲಗ್ನದ ಬ್ಯಾಂಡಿಗೂ ವಂಶ ಒಂದೇ.

ಅದೇ ಸೈನಿಕ ವಾದ್ಯಗಳು ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಬಂದರು ನಗರದಲ್ಲಿ ಕರಿಯ ಜನರ ಕೈಗೆ ಬಂದವು. ಇವರು ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು. ಅವರೂ ಮೆರವಣಿಗೆಗೆ ಬ್ಯಾಂಡು ಬಾರಿಸಿದರು. ಶವದ ಮೆರವಣಿಗೆಯಲ್ಲಿ ಹೋಗುವಾಗ ನಿಧಾನದ ಶೋಕದ ಹಾಡು, ಮಣ್ಣು ಮಾಡಿ ತಿರುಗಿ ಬರುವಾಗ ಕುಣಿಸುವ ಹಾಡು ನುಡಿಸುವುದು ಅಲ್ಲಿಯ ರೂಢಿ. ಭಜನೆಯೊಂದಿಗೆ ಹಿರಿಯರನ್ನು ಕಳಿಸಿಕೊಡುವ ನಮ್ಮ ಸೀಮೆಯವರಿಗೆ ಇದು ತೀರ ಅಪರಿಚಿತವೆನಿಸದು. ಈ ಮೆರವಣಿಗೆ, ಚರ್ಚಿನ ಹಾಡು, ದುಡಿಮೆಯ ಹಾಡು, ಆಫ್ರಿಕದ ಲಯ ಎಲ್ಲ ಸೇರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆದುಬಂದ ಸಂಗೀತವೇ ಜಾಝ್. ತಮ್ಮದೆನ್ನಲು ಏನೂ ಉಳಿಯದಿದ್ದ ಜನ ಬೇರೆಯವರ ವಾದ್ಯ ಹಿಡಿದು ತಮ್ಮ ಮಾತನ್ನು ಆಡಿದರು. ಸ್ಯಾಕ್ಸೊಫೋನಿನ ಕೀರ್ತಿ ಬೆಳೆದದ್ದು ಸೈನ್ಯದಿಂದಲ್ಲ, ಇವರಿಂದ.

ಹಾಗಾದರೆ ಜಾಝ್ ಎಂದರೇನು? ನಮಗೆ ಗೊತ್ತಿರುವುದರ ಮೂಲಕವೇ ಅದನ್ನು ತಿಳಿಯಬಹುದು. ಹಿಂದುಸ್ತಾನಿ ಗಾಯಕರು ಒಂದು ಚೀಜನ್ನು ಎತ್ತಿಕೊಂಡು, ಮುಖಡಾ ಹಾಡಿ, ಆಮೇಲೆ ಅದನ್ನು ಬಿಟ್ಟು ಆಲಾಪ ತಾನುಗಳಲ್ಲಿ ಸಂಚರಿಸಿ, ಮತ್ತೆ ಸರಿಯಾಗಿ ಸಮ್ಮಿಗೆ ಬಂದು ಕೂಡಿಕೊಳ್ಳುತ್ತಾರೆ. ಜಾಝ್‌ನಲ್ಲಿಯೂ ತಂಡದವರು ಮೊದಲು ಒಂದು ಮಟ್ಟನ್ನು ಕೂಡಿ ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರೂ ಸರದಿಯಂತೆ ತಮ್ಮ ಕಲ್ಪನೆಯನ್ನು ಹರಿಬಿಡುತ್ತಾರೆ; ಉಳಿದವರು ಹಿಂದೆ ನಿಂತು ಆಧಾರ ಕೊಡುತ್ತಾರೆ. ಕೊನೆಗೆ ಎಲ್ಲರೂ ಮೂಲ ಮಟ್ಟಿಗೆ ಮರಳುತ್ತಾರೆ. ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ತಂಬೂರಿಯ ಷಡ್ಜ ಅಚಲ. ರಾಗ ಅದರ ಮೇಲೆ ಅರಳುತ್ತದೆ. ಜಾಝ್‌ನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಚ್ಛಗಳು ಕೆಳಗಿನಿಂದ ಬದಲಾಗುತ್ತ ಹೋಗುತ್ತವೆ. ನೆಲವೇ ಚಲಿಸುತ್ತಿರುವಾಗ ಅದರ ಮೇಲೆ ನಡೆಯುವ ವಿದ್ಯೆ ಅದು.

ಜಾಝ್‌ನ ಮನೆತನದಲ್ಲಿಯೇ 1960ರ ದಶಕದಲ್ಲಿ ಫಂಕ್ ಎಂಬ ಕುಣಿತದ ಸಂಗೀತ ಹುಟ್ಟಿತು. ಅದರಲ್ಲಿ ಮುಖ್ಯವಾದದ್ದು ಪ್ರತಿ ಆವರ್ತದ ಮೊದಲ ಪೆಟ್ಟು. ಗಾಯಕ ಜೇಮ್ಸ್ ಬ್ರೌನ್ ತನ್ನ ತಂಡದವರಿಗೆ ಆ 'ಒಂದ'ರ ಮೇಲೆ ಒತ್ತು ಕೊಡಿ ಎಂದು ಒತ್ತಾಯಿಸುತ್ತಿದ್ದ. ನಮ್ಮ ತಬಲಾದವರು ಸಮ್ ಎಂದು ಕರೆಯುವುದಕ್ಕೆ ಇದು ಹತ್ತಿರದ್ದು.

ಫಂಕ್ ತಂಡಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು 'ಕೂಲ್ ಅಂಡ್ ದಿ ಗ್ಯಾಂಗ್'. 1980ರ 'ಸೆಲೆಬ್ರೇಷನ್' ಹಾಡಿನ ಮೂಲಕ ಈ ತಂಡ ಕುಣಿಸುವವರ ತಂಡವೆಂದೇ ಪ್ರಸಿದ್ಧ. ಆದರೆ ರಾಬರ್ಟ್ ಬೆಲ್, ರೊನಾಲ್ಡ್ ಬೆಲ್ ಎಂಬ ಅಣ್ಣತಮ್ಮಂದಿರು ಜರ್ಸಿ ಸಿಟಿಯಲ್ಲಿ ಗೆಳೆಯರನ್ನು ಕೂಡಿಸಿ 1964ರಲ್ಲಿ ಇದನ್ನು ಕಟ್ಟಿದಾಗ ಇಟ್ಟ ಹೆಸರು 'ಜಾಝಿಯಾಕ್ಸ್'. ಅಂದರೆ ಇವರು ಮೊದಲು ಜಾಝ್ ನುಡಿಸಲು ಹೊರಟ ಹುಡುಗರು. ಹೊಟ್ಟೆಪಾಡಿಗೂ ಹೆಸರಿಗೂ ಕುಣಿತದ ಹಾಡು ಬೇಕಾಯಿತು. ಆದರೂ ತಮ್ಮ ಧ್ವನಿಮುದ್ರಿಕೆಗಳ ನಡುನಡುವೆ ಅವರು ಜಾಝ್‌ನ ಛಾಯೆಯ ತುಣುಕುಗಳನ್ನು ಸೇರಿಸುತ್ತಲೇ ಇದ್ದರು. 1972ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನನ ನೆನಪಿಗೆಂದೇ ಒಂದು ರಚನೆ ಮಾಡಿದರು. 1967ರಲ್ಲಿ ತೀರಿಕೊಂಡ ಈ ಕೋಲ್ಟ್ರೇನ್ ಭಾರತೀಯ ಸಂಗೀತದ ಮೇಲೆ ಬಹಳ ಪ್ರೀತಿಯಿಟ್ಟವನು. ಪಂಡಿತ ರವಿಶಂಕರರ ಮೇಲಿನ ಗೌರವದಿಂದ ತನ್ನ ಮಗನಿಗೆ ರವಿ ಎಂದು ಹೆಸರಿಟ್ಟವನು.

1970ರ ದಶಕದ ಆರಂಭದಲ್ಲಿ ಈ ತಂಡದ ಜಾಝ್ ಛಾಯೆಯ ರಚನೆಗಳನ್ನೇ ಆರಿಸಿ 'ಕೂಲ್ ಜಾಝ್' ಎಂಬ ಸಂಕಲನ ಹೊರಬಂತು. ಕವಿಯ ಬಿಡಿ ಕವನಗಳನ್ನು ಆಯ್ದು ಒಂದು ಸಂಕಲನ ಮಾಡಿದರೆ ಆ ಕವಿಯ ಬೇರೊಂದು ಮುಖ ಕಾಣುವುದಲ್ಲವೇ? ಇದೂ ಹಾಗೆಯೇ. ಹೊಸ ಹಾಡು ಒಂದೂ ಬೇಕಾಗಲಿಲ್ಲ. ಇದ್ದುದನ್ನೇ ಒಂದೆಡೆ ತಂದಿಟ್ಟಾಗ 'ಇವರು ಇದೂ ಹೌದು' ಎಂಬುದು ಕೇಳುಗರಿಗೆ ತಿಳಿಯಿತು. ಲಗ್ನದಲ್ಲಿ ಸಿನಿಮಾ ಹಾಡು ಬಾರಿಸುವ ನಮ್ಮ ಕ್ಲಾರಿನೆಟ್‌ನವರಿಗೂ ಇಂಥ ಇನ್ನೊಂದು ಮುಖ ಇರಬಹುದು ಎಂಬುದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಈಗ ಕರ್ನಾಟಕಕ್ಕೆ ಬರೋಣ. ಮೈಸೂರು ಅರಮನೆಗೆ ತನ್ನದೇ ಬ್ಯಾಂಡು ಇತ್ತು. ದಕ್ಷಿಣ ಕನ್ನಡದ ಸಜೀಪಮೂಡ ಗ್ರಾಮದ ಒಬ್ಬ ಹುಡುಗ ಆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮರುಳಾದ. ಅವನ ತಂದೆ ನಾಗಸ್ವರ ವಾದಕರು. 1949ರಲ್ಲಿ ಹುಟ್ಟಿದ ಆ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್ ಎಂದು ಲೋಕಕ್ಕೆ ಪರಿಚಯವಾದವರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಅವರು ಕಲಿತರು.

ಆದರೆ ಇಲ್ಲೊಂದು ತೊಡಕು. ಸ್ಯಾಕ್ಸೊಫೋನಿನಲ್ಲಿ ಕೀಲಿಗಳಿವೆ. ಒಂದು ಕೀಲಿ ಒತ್ತಿದರೆ ಒಂದು ಸ್ವರ. ಕರ್ನಾಟಕ ಸಂಗೀತದ ಜೀವವಾದರೋ ಗಮಕ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ, ನಡುಗುವ ಚಲನೆ. ಮೆಟ್ಟಿಲು ಹತ್ತುವಂತೆ ಮಾಡಿದ ವಾದ್ಯದಲ್ಲಿ ಇಳಿಜಾರಿನ ನಡಿಗೆ ತರಬೇಕು. ಗೋಪಾಲನಾಥರು ಇದಕ್ಕಾಗಿ ವರ್ಷಗಟ್ಟಲೆ ಸಾಧನೆ ಮಾಡಿದರು. ತುಟಿಯ ಒತ್ತಡ, ಉಸಿರಿನ ಹಿಡಿತ, ಬೆರಳಿನ ಚಲನೆ ಎಲ್ಲವನ್ನೂ ಪಳಗಿಸಿದರು. ವಾದ್ಯದ ಕೀಲಿಗಳಲ್ಲಿಯೂ ಕೆಲವು ಮಾರ್ಪಾಟು ಮಾಡಿಕೊಂಡರು. ಕಡೆಗೆ ವಾದ್ಯ ಮಣಿಯಿತು. 1980ರಲ್ಲಿ ಮುಂಬಯಿಯ 'ಜಾಝ್ ಯಾತ್ರಾ' ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ, ತಮ್ಮ ಜೊತೆ ವೇದಿಕೆಯಲ್ಲಿ ನುಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದಲ್ಲಿ ಗೋಪಾಲನಾಥರ ಕಚೇರಿ ನಡೆಯಿತು. ಅದೇ ವರ್ಷದ ತಮಿಳು ಚಿತ್ರ 'ಡ್ಯುಯೆಟ್'ನಲ್ಲಿ ಎ.ಆರ್. ರೆಹಮಾನರ ಸಂಗೀತಕ್ಕೆ ಇವರ ಸ್ಯಾಕ್ಸೊಫೋನ್ ಮನೆಮನೆ ತಲುಪಿತು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಅವರು ನಿಧನರಾದರು.

ಇತ್ತ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಭೇಟಿ ನಡೆದಿತ್ತು. ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಗೂ ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊಗೂ ನಂಟು ಬೆಳೆಯಿತು. ಮರಿಯಾನೊ ಆ ಹೊತ್ತಿಗಾಗಲೇ ಹೆಸರಾಂತ ಸ್ಯಾಕ್ಸೊಫೋನ್ ವಾದಕ. ಆದರೂ ವಿದ್ಯಾರ್ಥಿಯಾಗಿ ಕುಳಿತು ನಾಗಸ್ವರ ಕಲಿತವರು. 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಗಾಗಿ ಇವರೆಲ್ಲ ಕೂಡಿ 'ಜ್ಯೋತಿ' ಎಂಬ ಆಲ್ಬಮ್ ಮಾಡಿದರು. ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಮರಿಯಾನೊ ಅವರ ಸ್ಯಾಕ್ಸೊಫೋನ್ ಹಾಗೂ ಕೊಳಲು ಇವೆ. ಅತಿಥಿ ಇಲ್ಲಿ ಯಜಮಾನನಂತೆ ಮುಂದೆ ಕೂಡಲಿಲ್ಲ. ರಾಗ ತಾಳಗಳ ಮನೆಯೊಳಗೆ ತನ್ನ ಜಾಗ ನೋಡಿಕೊಂಡು ಕೂತ.

ಮೂರನೆಯ ಕಥೆ ಸಾಗರದಾಚೆಯ ಕನ್ನಡ ಮನೆತನದ್ದು. ರುದ್ರೇಶ್ ಮಹಂತಪ್ಪ 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದವರು. ತಂದೆತಾಯಿ ಕರ್ನಾಟಕ ಮೂಲದವರು. ಹುಡುಗನಾಗಿದ್ದಾಗ ಕೇಳಿದ್ದು ಗ್ರೋವರ್ ವಾಷಿಂಗ್ಟನ್ ಜೂನಿಯರ್, ಬ್ರೆಕರ್ ಸಹೋದರರಂಥವರ ಫಂಕ್ ಬೆರೆತ ಜಾಝ್; ಮುಂದೆ ಚಾರ್ಲಿ ಪಾರ್ಕರನ ಶುದ್ಧ ಜಾಝ್. ಆದರೆ ಹೆಸರು ಕೇಳಿದವರೆಲ್ಲ ನಿನಗೆ ಭಾರತೀಯ ಸಂಗೀತ ಬಲ್ಲದಲ್ಲವೇ ಎಂದು ಕೇಳುವರು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ಆಲ್ಬಮ್ ಉಡುಗೊರೆ ಕೊಟ್ಟರು. ಅದರ ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ಭಾರತೀಯ ಶೈಲಿಯ ಸ್ಯಾಕ್ಸೊಫೋನ್ ಎಂದರೆ ನಗೆಯ ವಸ್ತುವೇ ಸರಿ ಎಂಬುದು ಅಣ್ಣನ ಲೆಕ್ಕ. ತಮ್ಮ ಹಾಕಿ ಕೇಳಿದರೆ ನಗುವುದನ್ನೇ ಮರೆತರು. ನುಡಿಸುತ್ತಿದ್ದವರು ಕದ್ರಿ ಗೋಪಾಲನಾಥರು.

ಆ ತಮಾಷೆಯ ಉಡುಗೊರೆಯ ಫಲ ವರ್ಷಗಳ ನಂತರ ಕಾಣಿಸಿತು. ರುದ್ರೇಶ್ ಗೋಪಾಲನಾಥರ ಜೊತೆ ಕುಳಿತು ಕೆಲಸ ಮಾಡಿದರು. 2008ರಲ್ಲಿ ಇಬ್ಬರೂ ಕೂಡಿ 'ಕಿನ್ಸ್‌ಮನ್' ಎಂಬ ಆಲ್ಬಮ್ ಹೊರತಂದರು. ಆ ಮಾತಿಗೆ ನಮ್ಮಲ್ಲಿ ಬಂಧುಬಳಗ ಎನ್ನಬಹುದು. ಅದರಲ್ಲಿ ಎರಡು ಆಲ್ಟೊ ಸ್ಯಾಕ್ಸೊಫೋನುಗಳು, ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ. ಅವುಗಳೊಂದಿಗೆ ಗಿಟಾರ್, ಬಾಸ್, ಡ್ರಮ್ ಇವೆ. ಸ್ಯಾಕ್ಸೊಫೋನ್ ಎರಡೂ ಒಂದೇ ಜಾತಿಯವು; ಆದರೆ ನುಡಿ ಬೇರೆ. ಒಂದು ಮಂಗಳೂರಿನ ದೇವಸ್ಥಾನದ ನಾಗಸ್ವರದ ಮೊಮ್ಮಗ, ಇನ್ನೊಂದು ಚಾರ್ಲಿ ಪಾರ್ಕರನ ಶಿಷ್ಯ ಪರಂಪರೆ. ಎರಡು ನುಡಿಗಳನ್ನು ಕಿವಿಯಿಂದ ಬೇರ್ಪಡಿಸಿ ಕೇಳುವುದೇ ಒಳ್ಳೆಯ ಅಭ್ಯಾಸ.

ಈ ಮೂರು ಕಥೆಗಳಲ್ಲಿ ಸಮಾನವಾದದ್ದು ಏನು? ಯಾರೂ ಎರಡು ಸಂಗೀತಗಳನ್ನು ಚಕ್ಕುಲಿ ಚೂಡಾದಂತೆ ಸುಮ್ಮನೆ ಕಲಸಲಿಲ್ಲ. ಗೋಪಾಲನಾಥರಿಗೆ ರಾಗ ಪೂರ್ತಿ ಗೊತ್ತಿತ್ತು. ಮರಿಯಾನೊ ಬಂದು ಕಲಿತರು. ರುದ್ರೇಶರಿಗೆ ಜಾಝ್ ಪೂರ್ತಿ ಗೊತ್ತಿತ್ತು, ಉಳಿದದ್ದನ್ನು ಕೇಳಿ ತಿಳಿದುಕೊಂಡರು. ಒಂದನ್ನು ಗಟ್ಟಿಯಾಗಿ ಬಲ್ಲವನೇ ಇನ್ನೊಂದನ್ನು ಗೌರವದಿಂದ ಕೇಳಬಲ್ಲ. ಎರಡೂ ಬಾರದವನು ಕೂಡಿಸಿದರೆ ಅದು ಗದ್ದಲವಾಗುತ್ತದೆ.

ಈ ಮಾತು ನಿಮ್ಮ ಸೀಮೆಗೆ ಹೊಸದಲ್ಲ. ಕಾಗವಾಡದ ಪಕ್ಕದಲ್ಲೇ ಮಿರಜ ಇದೆ. ಉತ್ತರ ಪ್ರದೇಶದ ಕೈರಾನಾದವರಾದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ಮೈಸೂರಿಗೆ ಹೋಗಿಬರುತ್ತ ಕರ್ನಾಟಕ ಸಂಗೀತವನ್ನು ಕೇಳಿ, ಅದರಿಂದ ಪಡೆದದ್ದನ್ನು ತಮ್ಮ ಗಾಯನಕ್ಕೆ ಸೇರಿಸಿಕೊಂಡರು. 1937ರಲ್ಲಿ ತೀರಿಕೊಂಡ ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಆ ಮೂಲಕವೇ ಕಿರಾನಾ ಘರಾಣೆ ಧಾರವಾಡ ಸೀಮೆಯಲ್ಲಿ ಬೇರುಬಿಟ್ಟಿತು. ಉತ್ತರ ಕರ್ನಾಟಕದ ಹೆಮ್ಮೆ ಎಂದು ನಾವು ಹೇಳುವ ಗಾಯನ ಹೀಗೆ ಹಲವು ಊರು, ಹಲವು ಮಾತುಗಳ ನಡುವೆ ಹಾದುಬಂದದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಕೇಳುತ್ತ ಬೆಳೆಯುವ ಗಡಿಭಾಗದ ಮಕ್ಕಳು ತಮ್ಮದು ಬೆರಕೆ ಎಂದು ಕುಗ್ಗಬೇಕಾಗಿಲ್ಲ. ಎರಡು ಮಾತು ಕೇಳಿದ ಕಿವಿ ಸಂಗೀತಕ್ಕೆ ಒಂದು ಆಸ್ತಿ.

ಈಗ ನಿಮ್ಮಿಂದ ಆಗಬೇಕಾದ ಒಂದು ಕೆಲಸ. ಈಚಿನ ವರ್ಷಗಳಲ್ಲಿ ಮೆರವಣಿಗೆಗಳಲ್ಲಿ ಡಿ.ಜೆ. ಎಂಬ ಧ್ವನಿವರ್ಧಕದ ಅಬ್ಬರ ಹೆಚ್ಚಿದೆ. ಬ್ಯಾಂಡಿನವರಿಗೂ ಕರಡಿ ಮಜಲಿನವರಿಗೂ ಕರೆ ಕಡಿಮೆಯಾಗುತ್ತಿದೆ. ಲಗ್ನಪತ್ರಿಕೆಯಲ್ಲಿ ನೂರು ಹೆಸರು ಅಚ್ಚಾಗುತ್ತವೆ. ವಾದ್ಯದವರ ಹೆಸರು ಎಲ್ಲಿಯೂ ಇರುವುದಿಲ್ಲ. 'ಜ್ಯೋತಿ' ಆಲ್ಬಮ್ಮಿನಲ್ಲಿ ಖಂಜಿರ ಬಾರಿಸಿದವರ ಹೆಸರು ನಮಗೆ ಇಂದು ಗೊತ್ತಿರುವುದು ಯಾರೋ ಅದನ್ನು ಬರೆದಿಟ್ಟಿದ್ದರಿಂದ. ನಿಮ್ಮೂರಿನ ಸನಾದಿಯವರ ಹೆಸರು ಐವತ್ತು ವರ್ಷಗಳ ನಂತರ ಯಾರಿಗೆ ಗೊತ್ತಿರುತ್ತದೆ?

ಆದ್ದರಿಂದ ನಿಮ್ಮ ಶಾಲೆ ಅಥವಾ ಕಾಲೇಜಿನ ನಾಲ್ಕೈದು ಜನ ಸೇರಿ ನಿಮ್ಮ ತಾಲೂಕಿನ ಒಂದು ಸಂಕಲನ ಮಾಡಿರಿ. ಚಿಂಚಲಿ ಮಾಯಕ್ಕನ ಜಾತ್ರೆಯ ಡೊಳ್ಳು, ನಿಮ್ಮೂರ ಭಜನೆಯ ಹಾರ್ಮೋನಿಯಂ, ಪಾರಿಜಾತದ ಹಿಮ್ಮೇಳ, ಬ್ಯಾಂಡಿನ ಕ್ಲಾರಿನೆಟ್, ಇವನ್ನು ನುಡಿಸುವವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಪ್ರತಿಯೊಂದರ ಕೆಳಗೆ ನುಡಿಸಿದವರ ಹೆಸರು, ಊರು, ವಾದ್ಯ, ದಿನಾಂಕ, ಯಾರಲ್ಲಿ ಕಲಿತರು ಎಂಬುದನ್ನು ಬರೆಯಿರಿ. ಲಗ್ನದ ಹಾಡು ಸಾಕು, ನಿಮಗೆ ಮನಸ್ಸಿಗೆ ಬಂದದ್ದನ್ನು ನುಡಿಸಿರಿ ಎಂದು ಅವರನ್ನು ಕೇಳಿಕೊಳ್ಳಿ. ಆಗ ಅವರ ಇನ್ನೊಂದು ಮುಖ ನಿಮಗೆ ಕೇಳಿಸೀತು. ಹತ್ತು ತುಣುಕುಗಳಾದರೆ ಅದನ್ನು ನಿಮ್ಮ ಗ್ರಂಥಾಲಯದಲ್ಲಿ ಇಡಿರಿ, ವಾದಕರ ಮನೆಗೂ ಒಂದು ಪ್ರತಿ ಕೊಡಿರಿ.

ಸ್ಯಾಕ್ಸೊಫೋನ್ ಯಾರ ವಾದ್ಯ ಎಂದು ಕೇಳಿದೆವು. ಬೆಲ್ಜಿಯಮ್ಮಿನವನು ಮಾಡಿದ, ಫ್ರಾನ್ಸಿನ ಸೈನ್ಯ ಹೊತ್ತಿತು, ಅಮೆರಿಕದ ಕರಿಯ ಜನ ಅದಕ್ಕೆ ಮಾತು ಕೊಟ್ಟರು, ಸಜೀಪದ ನಾಗಸ್ವರದವರ ಮಗ ಅದಕ್ಕೆ ಗಮಕ ಕಲಿಸಿದರು. ನಾಳೆ ಅದನ್ನು ರಾಯಬಾಗದ ಅಥವಾ ಅಥಣಿಯ ಒಬ್ಬ ವಿದ್ಯಾರ್ಥಿನಿ ಕೈಗೆತ್ತಿಕೊಂಡು ಹತ್ತು ವರ್ಷ ದುಡಿದರೆ, ಅವಳ ವಾದ್ಯವೂ ಆದೀತು.